ಹೆಪ್ಪಿನೊಳಗಿನ ಜೀವ ಕಂಡ ಲೂಯಿ ಪಾಶ್ಚರ್

ದಿನವೂ ಬೆಳಿಗ್ಗೆ ನಮ್ಮ ಮನೆಗಳಿಗೆ ಬರುವ ಹಾಲಿನ ಪೊಟ್ಟಣದ ಮೇಲೆ ಒಂದು ಉದ್ದನೆಯ ಪದ ಅಚ್ಚಾಗಿರುತ್ತದೆ. ಪಾಶ್ಚರೀಕರಿಸಿದ ಹಾಲು ಎಂದು. ಮಕ್ಕಳನ್ನು ಶಾಲೆಗೆ ಕಳುಹಿಸುವ ಅವಸರದಲ್ಲಿ ಪೊಟ್ಟಣ ಕತ್ತರಿಸಿ ಪಾತ್ರೆಗೆ ಸುರಿಯುವ ತಾಯಂದಿರಿಗೆ ಅದನ್ನು ಓದಲು ಬಿಡುವೆಲ್ಲಿ? ಓದಿದರೂ ಅದರೊಳಗೆ ಒಬ್ಬ ಮನುಷ್ಯನ ಹೆಸರು ಅಡಗಿದೆ ಎಂಬುದು ಎಷ್ಟೋ ಮಂದಿಗೆ ಹೊಳೆಯುವುದಿಲ್ಲ. ಅದು ಲೂಯಿ ಪಾಶ್ಚರ್ ಎಂಬ ಫ್ರೆಂಚ್ ವಿಜ್ಞಾನಿಯ ಹೆಸರು.

ಪಾಶ್ಚರರನ್ನು ಧರ್ಮಸಭೆ ಸಂತರೆಂದು ಘೋಷಿಸಿಲ್ಲ, ಅವರ ಹಬ್ಬವನ್ನು ನಾವು ಆಚರಿಸುವುದಿಲ್ಲ. ಆದರೂ ಕುಟುಂಬ ಮತ್ತು ವಿಶ್ವಾಸಕ್ಕೆ ಮೀಸಲಾದ ಈ ಪುಟದಲ್ಲಿ ಅವರ ಬದುಕಿಗೆ ಸ್ಥಾನ ಸಲ್ಲಬೇಕು. ಕಣ್ಣಿಗೆ ಕಾಣದ ಅತಿ ಚಿಕ್ಕ ಸಂಗತಿಗೆ ತಾಳ್ಮೆಯಿಂದ ಗಮನ ಕೊಡುವುದೂ ನೆರೆಯವನನ್ನು ಪ್ರೀತಿಸುವ ಒಂದು ದಾರಿ ಎಂಬುದನ್ನು ಅವರು ತಮ್ಮ ದುಡಿಮೆಯಿಂದ ತೋರಿಸಿದರು. ಆ ದುಡಿಮೆಯ ಹಿಂದೆ ಒಬ್ಬ ತಂದೆಯ ಕಣ್ಣೀರೂ ಇತ್ತು.

ಚರ್ಮ ಹದಮಾಡುವವರ ಮಗ

ಪಾಶ್ಚರರು ಹುಟ್ಟಿದ್ದು 1822ರ ಡಿಸೆಂಬರ್ 27ರಂದು, ಕ್ರಿಸ್ತಜಯಂತಿಯ ಎರಡು ದಿನಗಳ ನಂತರ, ಸಂತ ಯೊವಾನ್ನರ ಹಬ್ಬದ ದಿನ. ಊರು ಫ್ರಾನ್ಸಿನ ಪೂರ್ವಭಾಗದ ಜುರಾ ಬೆಟ್ಟಸೀಮೆಯ ದೋಲ್. ತಂದೆ ನೆಪೋಲಿಯನ್ನನ ಸೈನ್ಯದಲ್ಲಿ ಸಾರ್ಜೆಂಟ್ ಆಗಿದ್ದು, ಶೌರ್ಯಕ್ಕೆ ಪದಕ ಪಡೆದು ಊರಿಗೆ ಮರಳಿದ ಮೇಲೆ ಚರ್ಮ ಹದಮಾಡುವ ಕುಲಕಸುಬನ್ನು ಮುಂದುವರಿಸಿದವರು. ಲೂಯಿ ಇನ್ನೂ ಚಿಕ್ಕವನಾಗಿದ್ದಾಗ ಕುಟುಂಬ ಆರ್ಬ್ವಾ ಎಂಬ ಸಣ್ಣ ಪಟ್ಟಣಕ್ಕೆ ಬಂದು ನೆಲೆಸಿತು. ಬಡತನವಲ್ಲದಿದ್ದರೂ ಸಿರಿತನವೂ ಇಲ್ಲದ, ಬೆವರು ಸುರಿಸಿ ಉಣ್ಣುವ ಮನೆ ಅದು.

ಹುಡುಗ ಶಾಲೆಯಲ್ಲಿ ಎಲ್ಲರ ಕಣ್ಣು ಸೆಳೆಯುವಂಥ ಜಾಣನಾಗಿರಲಿಲ್ಲ. ಚಿತ್ರ ಬಿಡಿಸುವುದರಲ್ಲಿ ಮಾತ್ರ ಕೈ ಪಳಗಿತ್ತು. ತಂದೆ ತಾಯಿಯರ ಮುಖವನ್ನು ಅವನು ಬಣ್ಣದ ಕಡ್ಡಿಗಳಲ್ಲಿ ಬರೆದ ಚಿತ್ರಗಳು ಇಂದಿಗೂ ಉಳಿದಿವೆ. ನೋಡಿದ್ದನ್ನು ನೋಡಿದಂತೆಯೇ ಗುರುತಿಸುವ ಕಣ್ಣು ಆಗಲೇ ತಯಾರಾಗುತ್ತಿತ್ತು ಎನ್ನಬಹುದು. 1838ರಲ್ಲಿ ಓದಿಗೆಂದು ಪ್ಯಾರಿಸಿಗೆ ಕಳುಹಿಸಿದರೆ ಮನೆಯ ನೆನಪು ತಾಳಲಾರದೆ ಕೆಲವೇ ವಾರಗಳಲ್ಲಿ ಹುಡುಗ ಹಿಂದಿರುಗಿದ. 1842ರಲ್ಲಿ ದಿಜೋನಿನಲ್ಲಿ ವಿಜ್ಞಾನದ ಪರೀಕ್ಷೆ ತೇರ್ಗಡೆಯಾದಾಗ ರಸಾಯನಶಾಸ್ತ್ರದಲ್ಲಿ ಸಿಕ್ಕಿದ್ದು ಸಾಧಾರಣ ದರ್ಜೆ. ಮಗುವಿನ ಅಂಕಪಟ್ಟಿ ಹಿಡಿದು ಕೊರಗುವ ತಂದೆತಾಯಿಯರು ಈ ಸಂಗತಿಯನ್ನು ನೆನಪಿಡಬೇಕು. ಮುಂದೆ ಜಗತ್ತಿನ ರಸಾಯನಶಾಸ್ತ್ರಜ್ಞರ ಸಾಲಿನಲ್ಲಿ ಅಗ್ರಸ್ಥಾನ ಪಡೆದದ್ದು ಇದೇ ಹುಡುಗ.

ಮರುವರ್ಷ ಅವರು ಪ್ಯಾರಿಸಿನ ಹೆಸರಾಂತ ಎಕೋಲ್ ನಾರ್ಮಾಲ್ ವಿದ್ಯಾಲಯ ಸೇರಿದರು. 1848ರಲ್ಲಿ, ಇನ್ನೂ 25ರ ವಯಸ್ಸಿನಲ್ಲಿ, ದ್ರಾಕ್ಷಾರಸಕ್ಕೆ ಸಂಬಂಧಿಸಿದ ಆಮ್ಲವೊಂದರ ಹರಳುಗಳಲ್ಲಿ ಎಡಗೈ ಬಲಗೈಗಳಂತೆ ಒಂದಕ್ಕೊಂದು ಕನ್ನಡಿಯ ಬಿಂಬವಾಗಿರುವ ಎರಡು ಬಗೆಗಳಿವೆ ಎಂಬುದನ್ನು ಕಂಡುಹಿಡಿದು ಹೆಸರಾದರು. 1849ರ ಮೇ 29ರಂದು ಸ್ಟ್ರಾಸ್‌ಬರ್ಗಿನಲ್ಲಿ ಮರಿ ಲೊರಾಂ ಎಂಬ ದೈವಭಕ್ತೆಯನ್ನು ಮದುವೆಯಾದರು. ಗಂಡ ಹೇಳಿದ್ದನ್ನು ರಾತ್ರಿಗಳಲ್ಲಿ ಬರೆದುಕೊಳ್ಳುತ್ತಾ, ಪ್ರಯೋಗಗಳ ಬಗ್ಗೆ ಕೇಳಿ ತಿಳಿಯುತ್ತಾ, ಮನೆಯ ಹೊರೆಯನ್ನೆಲ್ಲ ಹೊತ್ತು ಆಕೆ 46 ವರ್ಷ ಅವರ ಜೊತೆಗಿದ್ದರು. ಪಾಶ್ಚರರ ಕೀರ್ತಿಯಲ್ಲಿ ಅರ್ಧಪಾಲು ಈ ತಾಯಿಗೆ ಸಲ್ಲಬೇಕು.

ಹುಳಿಯಾದ ತೊಟ್ಟಿಗಳು

1854ರಲ್ಲಿ ಪಾಶ್ಚರರು ಉತ್ತರ ಫ್ರಾನ್ಸಿನ ಲೀಲ್ ನಗರಕ್ಕೆ ವಿಜ್ಞಾನ ವಿಭಾಗದ ಮುಖ್ಯಸ್ಥರಾಗಿ ಬಂದರು. ಅದು ಕಾರ್ಖಾನೆಗಳ ಊರು. 1856ರಲ್ಲಿ ಅಲ್ಲಿನ ಒಬ್ಬ ವಿದ್ಯಾರ್ಥಿಯ ತಂದೆ, ಬೀಟ್ರೂಟಿನ ರಸದಿಂದ ಮದ್ಯಸಾರ ತಯಾರಿಸುವ ಬಿಗೊ ಎಂಬ ವ್ಯಾಪಾರಿ, ಕಷ್ಟ ಹೇಳಿಕೊಂಡು ಬಂದರು. ತೊಟ್ಟಿಗಳಲ್ಲಿ ರಸ ಮದ್ಯಸಾರವಾಗುವ ಬದಲು ಹುಳಿಯಾಗಿ ಹಾಳಾಗುತ್ತಿತ್ತು. ಪ್ರಾಧ್ಯಾಪಕರೊಬ್ಬರು ಕಾರ್ಖಾನೆಯ ಕೊಳೆತ ತೊಟ್ಟಿ ನೋಡಲು ಹೋಗುವುದು ತಮ್ಮ ಗೌರವಕ್ಕೆ ಕಡಿಮೆ ಎಂದು ಪಾಶ್ಚರರು ಭಾವಿಸಲಿಲ್ಲ. ಹೋಗಿ, ಒಳ್ಳೆಯ ತೊಟ್ಟಿಯಿಂದಲೂ ಕೆಟ್ಟ ತೊಟ್ಟಿಯಿಂದಲೂ ತೊಟ್ಟು ತೊಟ್ಟು ರಸ ತಂದು ಸೂಕ್ಷ್ಮದರ್ಶಕದಡಿ ಇಟ್ಟರು. ಒಳ್ಳೆಯ ರಸದಲ್ಲಿ ದುಂಡನೆಯ ಯೀಸ್ಟ್ ಕಣಗಳಿದ್ದವು. ಹುಳಿಯಾದ ರಸದಲ್ಲಿ ಅವುಗಳಿಗಿಂತ ತೀರಾ ಚಿಕ್ಕದಾದ ಕಡ್ಡಿಯಂಥ ಜೀವಿಗಳು ತುಂಬಿದ್ದವು.

ಹಾಲಿನ ಮಾತು ಬರುವುದು ಇಲ್ಲಿಯೇ. ಆ ಹುಳಿ ರಸದಲ್ಲಿದ್ದದ್ದು ನಮ್ಮ ಮೊಸರಿನಲ್ಲಿರುವ ಆಮ್ಲವೇ. ಹುಳಿತ ಹಾಲಿನಿಂದ ಅದನ್ನು ಷೀಲೆ ಎಂಬ ವಿಜ್ಞಾನಿ 1780ರಲ್ಲಿಯೇ ಬೇರ್ಪಡಿಸಿದ್ದರು. ಆದರೆ ಹಾಲು ಹುಳಿಯುವುದೇಕೆ ಎಂಬುದಕ್ಕೆ ಸರಿಯಾದ ಉತ್ತರ ಯಾರಲ್ಲಿಯೂ ಇರಲಿಲ್ಲ. ಜರ್ಮನಿಯ ಲೀಬಿಗ್ ಮೊದಲಾದ ಆ ಕಾಲದ ದೊಡ್ಡ ಪಂಡಿತರು ಇದನ್ನು ಜೀವವಿಲ್ಲದ ವಸ್ತುಗಳ ಕೊಳೆಯುವಿಕೆ ಎಂದೇ ನಂಬಿದ್ದರು.

ನಮ್ಮ ಅಜ್ಜಿಯರಿಗೆ ಗೊತ್ತಿದ್ದದ್ದೇನು? ಕಾಯಿಸಿ ಉಗುರುಬೆಚ್ಚಗೆ ಮಾಡಿದ ಹಾಲಿಗೆ ಒಂದು ಚಮಚ ಹೆಪ್ಪು ಹಾಕಿದರೆ ಬೆಳಗಾಗುವುದರೊಳಗೆ ಪಾತ್ರೆ ತುಂಬ ಮೊಸರಾಗುತ್ತದೆ. ಮರುದಿನ ಆ ಮೊಸರೇ ಹೆಪ್ಪು. ಹೀಗೆ ಒಂದು ಮನೆಯ ಹೆಪ್ಪು ತಲೆಮಾರುಗಟ್ಟಲೆ ನಡೆಯುತ್ತದೆ. ಕೊಟ್ಟಷ್ಟೂ ತೀರದೆ ಬೆಳೆಯುವ ವಸ್ತು ಜೀವವಿಲ್ಲದ್ದಾಗಿರಲು ಹೇಗೆ ಸಾಧ್ಯ? ಪಾಶ್ಚರರು ಪ್ರಯೋಗಶಾಲೆಯಲ್ಲಿ ಮಾಡಿ ತೋರಿಸಿದ್ದೂ ಇದನ್ನೇ. ಹುಳಿಯುತ್ತಿದ್ದ ದ್ರವದ ತಳದಲ್ಲಿ ಅವರಿಗೆ ಬೂದುಬಣ್ಣದ ಒಂದು ಪದಾರ್ಥ ಕಂಡಿತು. ಅದರ ಚಿಟಿಕೆಯಷ್ಟನ್ನು ಸಕ್ಕರೆ, ಸೀಮೆಸುಣ್ಣ, ಯೀಸ್ಟಿನ ಬಸಿದ ರಸ ಬೆರೆಸಿದ ತಿಳಿನೀರಿಗೆ ಹಾಕಿ ಬೆಚ್ಚಗಿಟ್ಟರು. ಮರುದಿನವೇ ನೀರು ಕಲಕಿ ಹುದುಗಲಾರಂಭಿಸಿತು, ಬೂದು ಪದಾರ್ಥ ಹೆಚ್ಚಿತು, ಆಮ್ಲ ಹುಟ್ಟಿತು. ಬಿತ್ತಿದ್ದು ಬೆಳೆಯಿತು ಎಂದರೆ ಬಿತ್ತಿದ್ದು ಬೀಜವೇ ಆಗಿರಬೇಕು. 1857ರ ಆಗಸ್ಟಿನಲ್ಲಿ ಲೀಲ್ ನಗರದ ವಿಜ್ಞಾನ ಸಂಘದ ಮುಂದೆ ಅವರು ಮಂಡಿಸಿದ ಈ ಪ್ರಬಂಧ ಕೆಲವೇ ಪುಟಗಳದ್ದು. ಸೂಕ್ಷ್ಮಜೀವಿಶಾಸ್ತ್ರದ ತೊಟ್ಟಿಲು ಎಂದು ಇದನ್ನು ಅನೇಕ ವಿದ್ವಾಂಸರು ಕರೆಯುತ್ತಾರೆ. ಒಂದೊಂದು ಹುದುಗಿಗೂ ಅದರದೇ ಆದ ಒಂದೊಂದು ಜೀವಿ ಕಾರಣ ಎಂಬುದು ಅದರ ಸಾರ.

ಹಿಟ್ಟಿನಲ್ಲಿ ಅಡಗಿ ಅದನ್ನೆಲ್ಲ ಹುದುಗಿಸುವ ಹುಳಿಯ ಸಾಮತಿಯನ್ನು ನಾವು ಶುಭಸಂದೇಶದಲ್ಲಿ ಓದಿ ಬಲ್ಲೆವು. ಪ್ರಭು ಯೇಸು ದೇವರ ಸಾಮ್ರಾಜ್ಯಕ್ಕೆ ಹೋಲಿಕೆಯಾಗಿ ಆರಿಸಿಕೊಂಡದ್ದು ಒಬ್ಬ ಹೆಂಗಸಿನ ಅಡುಗೆಮನೆಯ ಕೆಲಸವನ್ನು. ಆ ಕೆಲಸದೊಳಗಿನ ಗುಟ್ಟು ಕಾಣಲು ಮನುಷ್ಯರಿಗೆ ಇನ್ನೂ 18 ಶತಮಾನಗಳು ಬೇಕಾದವು.

ಗಾಳಿಯಲ್ಲಿ ಏನಿದೆ?

1857ರ ಕೊನೆಗೆ ಪಾಶ್ಚರರು ಪ್ಯಾರಿಸಿಗೆ ಮರಳಿದರು. ಅಟ್ಟದ ಮೇಲಿನ ಕೋಣೆಯೇ ಮೊದಲು ಅವರ ಪ್ರಯೋಗಶಾಲೆ. ಆಮೇಲೆ ಸಿಕ್ಕಿದ ಜಾಗದಲ್ಲೂ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಇಟ್ಟಿದ್ದ ಬೆಚ್ಚನೆಯ ಪೆಟ್ಟಿಗೆಯನ್ನು ನೋಡಲು ಮೊಣಕಾಲೂರಿ ತೆವಳಬೇಕಿತ್ತು.

ಆಗ ವಿದ್ವಾಂಸರಲ್ಲಿ ದೊಡ್ಡ ವಾದ ಎದ್ದಿತ್ತು. ಮುಚ್ಚಿಟ್ಟ ಸಾರಿನಲ್ಲಿ, ಹಾಲಿನಲ್ಲಿ ಹುಟ್ಟುವ ಜೀವಿಗಳು ತಮ್ಮಷ್ಟಕ್ಕೆ ತಾವೇ ಉದ್ಭವಿಸುತ್ತವೆಯೇ, ಇಲ್ಲವೇ ಹೊರಗಿನಿಂದ ಬರುತ್ತವೆಯೇ? ಪಾಶ್ಚರರು ಹಂಸದ ಕೊರಳಿನಂತೆ ಬಾಗಿದ ಮೂತಿಯ ಗಾಜಿನ ಪಾತ್ರೆಗಳಲ್ಲಿ ಸಾರನ್ನು ಕುದಿಸಿಟ್ಟರು. ಗಾಳಿ ಒಳಗೆ ಬರುತ್ತಿತ್ತು, ಧೂಳು ಮಾತ್ರ ಕೊರಳಿನ ಬಾಗಿನಲ್ಲೇ ನಿಲ್ಲುತ್ತಿತ್ತು. ಸಾರು ಕೆಡಲಿಲ್ಲ. ಕೊರಳು ಮುರಿದರೆ ಕೆಲವೇ ದಿನಗಳಲ್ಲಿ ಕೆಟ್ಟಿತು. 1860ರ ಸೆಪ್ಟೆಂಬರಿನಲ್ಲಿ ಇಂಥದೇ ದ್ರವ ತುಂಬಿ ಮೊಹರು ಮಾಡಿದ 20 ಪಾತ್ರೆಗಳನ್ನು ಆಲ್ಪ್ಸ್ ಪರ್ವತದ ಹಿಮನದಿಯ ಬಳಿಗೆ ಒಯ್ದು, ಅಲ್ಲಿನ ನಿರ್ಮಲ ಗಾಳಿಗೆ ತೆರೆದು ಮತ್ತೆ ಮುಚ್ಚಿ ತಂದರು. ಕೆಟ್ಟದ್ದು ಒಂದು ಮಾತ್ರ. ಬೆಟ್ಟದ ಬುಡದ ಬಯಲಿನಲ್ಲಿ ತೆರೆದ 20ರಲ್ಲಿ 8 ಕೆಟ್ಟಿದ್ದವು.

ಹಾಲು ಮಾತ್ರ ಅವರನ್ನು ಸತಾಯಿಸಿತು. 100 ಡಿಗ್ರಿಯಲ್ಲಿ ಕುದಿಸಿ, ಶುದ್ಧ ಗಾಳಿಯಲ್ಲಿಟ್ಟರೂ ಅದು ಕೆಲವು ದಿನಗಳಲ್ಲಿ ಒಡೆಯುತ್ತಿತ್ತು. ಒತ್ತಡದಲ್ಲಿ 110 ಡಿಗ್ರಿಯವರೆಗೆ ಕಾಯಿಸಿದಾಗ ಮಾತ್ರ ಕೆಡದೆ ಉಳಿಯಿತು. ಬರಿಯ ಕುದಿತಕ್ಕೂ ಬಗ್ಗದ ಜೀವಿಗಳು ಹಾಲಿನಲ್ಲಿರಬಹುದು ಎಂಬ ಪಾಠ ಅಲ್ಲಿ ಸಿಕ್ಕಿತು. ಕೋಣೆಯ ಬಿಸಿಯಲ್ಲೇ ತಿಂಗಳುಗಟ್ಟಲೆ ಉಳಿಯುವ ಹಾಲಿನ ಪೆಟ್ಟಿಗೆಗಳು ಇಂದು ಅಂಗಡಿಗಳಲ್ಲಿವೆಯಲ್ಲ, ಆ ಹಾಲನ್ನು ಕುದಿಬಿಂದುವಿಗಿಂತ ಬಹಳ ಮೇಲಕ್ಕೆ ಕಾಯಿಸುವುದರ ಹಿಂದೆಯೂ ಇದೇ ತತ್ವವಿದೆ.

ಇಲ್ಲಿ ಒಂದು ಮಾತು ಹೇಳಬೇಕು. ಜೀವ ತಾನಾಗಿ ಹುಟ್ಟುವುದಿಲ್ಲ ಎಂದು ಪಾಶ್ಚರರು ತೋರಿಸಿದಾಗ, ದೇವರಿದ್ದಾನೆ ಎಂಬುದಕ್ಕೆ ಪ್ರಯೋಗಶಾಲೆಯ ಪುರಾವೆ ಸಿಕ್ಕಿತೆಂದು ಆ ಕಾಲದ ಕೆಲವು ಕ್ರೈಸ್ತರು ಹಿಗ್ಗಿದರು. ಇದು ಅವಸರದ ಹಿಗ್ಗು. ಸಂತ ಥಾಮಸ್ ಅಕ್ವಿನಾಸರು ತಮ್ಮ ಕಾಲದ ಎಲ್ಲರಂತೆ ಕೊಳೆತ ವಸ್ತುವಿನಿಂದ ಸಣ್ಣ ಜೀವಿಗಳು ಹುಟ್ಟುತ್ತವೆಂದೇ ನಂಬಿದ್ದರು. ಅದರಿಂದ ಅವರ ದೈವವಿಶ್ವಾಸಕ್ಕೆ ಯಾವ ಕೊರತೆಯೂ ಬರಲಿಲ್ಲ. ದೇವರು ಎಲ್ಲಕ್ಕೂ ಮೂಲಕಾರಣ. ಹಾಲು ಹುಳಿಯುವುದಕ್ಕೂ ರೋಗ ಹರಡುವುದಕ್ಕೂ ಇರುವ ಹತ್ತಿರದ ಕಾರಣಗಳನ್ನು ಹುಡುಕುವುದು ದೇವರು ನಮಗೆ ಕೊಟ್ಟ ಬುದ್ಧಿಯ ಕೆಲಸ. ಒಂದು ಇನ್ನೊಂದರ ಜಾಗವನ್ನು ಕಸಿಯುವುದಿಲ್ಲ. ಪಾಶ್ಚರರು ಕೂಡ ಪ್ರಯೋಗಶಾಲೆಯೊಳಗೆ ಪ್ರಯೋಗದ ಮಾತನ್ನೇ ಕೇಳಬೇಕೆಂಬ ಕಟ್ಟುನಿಟ್ಟನ್ನು ಬಿಟ್ಟವರಲ್ಲ.

ಹದವಾದ ಬಿಸಿ

1863ರಲ್ಲಿ ಫ್ರಾನ್ಸಿನ ಚಕ್ರವರ್ತಿ ಮೂರನೆಯ ನೆಪೋಲಿಯನ್, ದೇಶದ ದ್ರಾಕ್ಷಾರಸ ಕೆಡುವುದಕ್ಕೆ ಕಾರಣ ಹುಡುಕುವಂತೆ ಪಾಶ್ಚರರನ್ನು ಕೇಳಿಕೊಂಡ. ಅವರು ಬಾಲ್ಯದ ಊರಾದ ಆರ್ಬ್ವಾದಲ್ಲೇ ತಾತ್ಕಾಲಿಕ ಪ್ರಯೋಗಶಾಲೆ ಹೂಡಿ, ಕೆಟ್ಟ ರಸದ ಒಂದೊಂದು ಬಗೆಯಲ್ಲೂ ಒಂದೊಂದು ಬಗೆಯ ಜೀವಿಯನ್ನು ಕಂಡರು. ಕುದಿಸಿದರೆ ರಸದ ರುಚಿ ಕೆಡುತ್ತದೆ, ಕುದಿಸದಿದ್ದರೆ ರಸವೇ ಕೆಡುತ್ತದೆ. ನಡುವಿನ ಹದ ಯಾವುದು? 50ರಿಂದ 60 ಡಿಗ್ರಿಯ ಆಸುಪಾಸಿನಲ್ಲಿ ಸ್ವಲ್ಪ ಹೊತ್ತು ಬಿಸಿಮಾಡಿದರೆ ಸಾಕೆಂದು ಅವರು ಕಂಡುಕೊಂಡರು. 1865ರ ಏಪ್ರಿಲಿನಲ್ಲಿ ಆ ವಿಧಾನಕ್ಕೆ ಪೇಟೆಂಟ್ ಪಡೆದರು. ನಂತರ ಅದರಿಂದ ಹಣ ಮಾಡಿಕೊಳ್ಳದೆ ಎಲ್ಲರ ಬಳಕೆಗೂ ಬಿಟ್ಟುಕೊಟ್ಟರು.

ಪಾಶ್ಚರರು ಹಾಲಿಗೆ ಪಾಶ್ಚರೀಕರಣ ಮಾಡಿದರು ಎಂದು ಹಲವು ಪಾಠಪುಸ್ತಕಗಳು ಹೇಳುತ್ತವೆ. ನಿಜವಾಗಿ ಅವರು ಈ ಹದವನ್ನು ಕಂಡುಕೊಂಡದ್ದು ದ್ರಾಕ್ಷಾರಸಕ್ಕೆ, ಮುಂದೆ ಅನ್ವಯಿಸಿದ್ದು ಬಿಯರಿಗೆ. ಆಹಾರವನ್ನು ಬಿಸಿಮಾಡಿ ಬಾಟಲಿಯಲ್ಲಿ ಮುಚ್ಚಿಡುವ ಉಪಾಯವನ್ನು ಅವರಿಗಿಂತ ಮುಂಚೆ ಫ್ರಾನ್ಸಿನ ಮಿಠಾಯಿಗಾರ ನಿಕೊಲಾ ಅಪೇರ್ ಕಂಡುಕೊಂಡು, 1810ರಲ್ಲಿ ಪುಸ್ತಕವನ್ನೂ ಬರೆದಿದ್ದ. ಅಪೇರ್‌ಗೆ ಗೊತ್ತಿಲ್ಲದಿದ್ದ ಕಾರಣವನ್ನು ಪಾಶ್ಚರರು ತಿಳಿಸಿಕೊಟ್ಟರು. ಕಾರಣ ತಿಳಿದ ಮೇಲೆ ಎಷ್ಟು ಬಿಸಿ, ಎಷ್ಟು ಹೊತ್ತು ಎಂಬ ಲೆಕ್ಕ ಸಾಧ್ಯವಾಯಿತು.

ಮನೆಗೆ ಬಂದ ಸಾವು

ಇಷ್ಟೆಲ್ಲ ನಡೆಯುತ್ತಿದ್ದಾಗ ಪಾಶ್ಚರರ ಮನೆಯಲ್ಲಿ ಏನಾಗುತ್ತಿತ್ತು? ದಂಪತಿಗೆ ಐದು ಮಕ್ಕಳು. ಹಿರಿಯ ಮಗಳು ಜಾನ್ 1859ರ ಸೆಪ್ಟೆಂಬರಿನಲ್ಲಿ, ಆರ್ಬ್ವಾದ ಅಜ್ಜನ ಮನೆಯಲ್ಲಿದ್ದಾಗ, ವಿಷಮಶೀತ ಜ್ವರದಿಂದ ತೀರಿಕೊಂಡಳು. ಅವಳಿಗೆ 9 ವರ್ಷ. 1865ರ ಜೂನಿನಲ್ಲಿ ತಂದೆ ಗತಿಸಿದರು. ಅದೇ ಸೆಪ್ಟೆಂಬರಿನಲ್ಲಿ ಎರಡು ವರ್ಷದ ಕಮೀಯ್ ಕಾಯಿಲೆಯಿಂದ ಕಣ್ಮುಚ್ಚಿದಳು. ಮರುವರ್ಷ ಮೇ ತಿಂಗಳಲ್ಲಿ 12 ವರ್ಷದ ಸೆಸಿಲ್ ಕೂಡ ವಿಷಮಶೀತ ಜ್ವರಕ್ಕೇ ಬಲಿಯಾದಳು. ಏಳು ವರ್ಷಗಳೊಳಗೆ ಮೂರು ಹೆಣ್ಣುಮಕ್ಕಳ ಪೆಟ್ಟಿಗೆಗಳನ್ನು ಆ ತಂದೆತಾಯಿ ಮಣ್ಣಿಗಿಟ್ಟರು.

ಟೈಫಾಯಿಡ್ ಎಂದು ನಾವು ಕರೆಯುವ ಈ ಜ್ವರ ಕೊಳಕು ನೀರಿನಿಂದಲೂ, ಆ ನೀರಿನಲ್ಲಿ ತೊಳೆದ ಪಾತ್ರೆಯ ಹಾಲಿನಿಂದಲೂ ಹರಡುತ್ತದೆ. ಅದರ ಜೀವಿಯನ್ನು ಮನುಷ್ಯನ ಕಣ್ಣು ಮೊದಲು ಕಂಡದ್ದು 1880ರಲ್ಲಿ. ಜಾನ್ ಸತ್ತಾಗ ಅವಳ ತಂದೆ ಕಣ್ಣಿಗೆ ಕಾಣದ ಜೀವಿಗಳ ಬೆನ್ನು ಹತ್ತಿ ಎರಡು ವರ್ಷವಷ್ಟೇ ಆಗಿತ್ತು. ತಮ್ಮ ಮಕ್ಕಳನ್ನು ಉಳಿಸಬಹುದಾಗಿದ್ದ ಅರಿವು ಅವರ ಕೈಗೆ ಸಿಕ್ಕುವಷ್ಟರಲ್ಲಿ ಹೊತ್ತು ಮೀರಿತ್ತು. ಮಗುವನ್ನು ಮಣ್ಣಿಗಿಟ್ಟ ಮನೆಗಳು ನಮ್ಮ ಧರ್ಮಕೇಂದ್ರಗಳಲ್ಲೂ ಇವೆ. ದುಃಖವನ್ನು ಏನು ಮಾಡಬೇಕೆಂದು ತಿಳಿಯದೆ ಎಷ್ಟೋ ಮಂದಿ ಅದರೊಳಗೇ ಮುಳುಗುತ್ತಾರೆ. ಪಾಶ್ಚರರು ಅಳದೆ ಇರಲಿಲ್ಲ, ಆದರೆ ಕೆಲಸಕ್ಕೆ ಹಿಂದಿರುಗಿದರು. ಬೇರೆಯವರ ಮಕ್ಕಳಿಗೆ ಆ ಸಾವು ಬರಬಾರದೆಂಬಂತೆ ದುಡಿದರು.

ಆ ದಿನಗಳಲ್ಲಿ ಅವರು ದಕ್ಷಿಣ ಫ್ರಾನ್ಸಿನ ರೇಷ್ಮೆಹುಳುಗಳ ರೋಗದ ಹಿಂದೆ ಬಿದ್ದಿದ್ದರು. ಮೊಟ್ಟೆಯಿಟ್ಟ ತಾಯಿಚಿಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ರೋಗವಿದ್ದರೆ ಅದರ ಮೊಟ್ಟೆಗಳನ್ನು ನಾಶಮಾಡುವ ಅವರ ಉಪಾಯ ಇಂದಿಗೂ ನಮ್ಮ ಕರ್ನಾಟಕದ ರೇಷ್ಮೆ ಬಿತ್ತನೆ ಕೇಂದ್ರಗಳಲ್ಲಿ ನಡೆಯುತ್ತಿದೆ. 1868ರ ಅಕ್ಟೋಬರಿನಲ್ಲಿ, 45ರ ವಯಸ್ಸಿನಲ್ಲಿ, ಪಾರ್ಶ್ವವಾಯು ಬಡಿದು ಎಡಭಾಗ ಸ್ವಾಧೀನ ತಪ್ಪಿತು. ಎಡಗಾಲೆಳೆದುಕೊಂಡು ನಡೆಯುವ ಸ್ಥಿತಿಯಲ್ಲೇ ಮುಂದಿನ ದೊಡ್ಡ ಕೆಲಸಗಳೆಲ್ಲ ಆದವು. ಕೋಳಿ ಕಾಲರಾ, ದನಕುರಿಗಳ ನೆರಡಿ ರೋಗ, ಕೊನೆಗೆ ಹುಚ್ಚುನಾಯಿ ಕಡಿತಕ್ಕೆ ಲಸಿಕೆ. 1885ರ ಜುಲೈ 6ರಂದು ಆಲ್ಸೇಸಿನ 9 ವರ್ಷದ ಬಾಲಕ ಜೋಸೆಫ್ ಮೈಸ್ಟರ್‌ಗೆ ಮೊದಲ ಚುಚ್ಚುಮದ್ದು ಕೊಡಿಸಿದರು. ಅವನು ಬದುಕಿದ. 1888ರಲ್ಲಿ ಜನರ ವಂತಿಗೆಯಿಂದ ಪ್ಯಾರಿಸಿನಲ್ಲಿ ಪಾಶ್ಚರ್ ಸಂಸ್ಥೆ ತೆರೆಯಿತು.

ಅವರ ವಿಶ್ವಾಸ

ಪಾಶ್ಚರರ ಬಗ್ಗೆ ನಮ್ಮ ಪ್ರಬೋಧನೆಗಳಲ್ಲಿ ಒಂದು ಕತೆ ಆಗಾಗ ಬರುತ್ತದೆ. ರೈಲಿನಲ್ಲಿ ಜಪಸರ ಹಿಡಿದಿದ್ದ ಮುದುಕನನ್ನು ಒಬ್ಬ ವಿದ್ಯಾರ್ಥಿ ಗೇಲಿ ಮಾಡಿದ, ಕೊನೆಗೆ ಆ ಮುದುಕನೇ ಪಾಶ್ಚರ್ ಎಂದು ತಿಳಿದು ನಾಚಿದ ಎಂಬ ಕತೆ. ಕೇಳಲು ಚೆನ್ನಾಗಿದೆ, ಆದರೆ ಗಟ್ಟಿಯಾದ ಆಧಾರವಿಲ್ಲ. ಸತ್ಯವನ್ನು ಸಾರುವ ಧರ್ಮಸಭೆಗೆ ಆಧಾರವಿಲ್ಲದ ಕತೆಗಳ ಊರುಗೋಲು ಬೇಡ. ಇರುವ ಸತ್ಯವೇ ಸಾಕಷ್ಟಿದೆ.

1881ರಲ್ಲಿ ಅವರು ಫ್ರೆಂಚ್ ಅಕಾಡೆಮಿಗೆ ಆಯ್ಕೆಯಾದರು. ದೊರೆತದ್ದು ಲಿತ್ರೆ ಎಂಬ ದೊಡ್ಡ ವಿದ್ವಾಂಸರಿಂದ ತೆರವಾದ ಪೀಠ. ಕಣ್ಣಿಗೆ ಕಂಡು ಅಳತೆಗೆ ಸಿಗುವುದು ಮಾತ್ರ ಜ್ಞಾನ ಎಂಬ ಸಿದ್ಧಾಂತ ಲಿತ್ರೆಯವರದು. ಪದ್ಧತಿಯಂತೆ ಹಿಂದಿನವರನ್ನು ಹೊಗಳಿ ಭಾಷಣ ಮಾಡಬೇಕು. ಪಾಶ್ಚರರು ಲಿತ್ರೆಯವರ ಸರಳ ಬದುಕನ್ನು ಮನಸಾರೆ ಹೊಗಳಿದರು. ಆದರೆ ಅವರ ಸಿದ್ಧಾಂತ ಅನಂತದ ಕಲ್ಪನೆಯನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ, ಆ ಅನಂತವನ್ನು ಮನುಷ್ಯನ ಹೃದಯದಿಂದ ಯಾರೂ ಅಳಿಸಲಾರರು ಎಂದು ಆ ಸಭೆಯಲ್ಲೇ ಅಂಜದೆ ತಿಳಿಸಿದರು. ಅಳತೆಯನ್ನೇ ಕಸುಬಾಗಿ ಮಾಡಿಕೊಂಡ ಮನುಷ್ಯ, ಅಳತೆಗೆ ಸಿಗದ ಒಂದಕ್ಕೆ ತಲೆಬಾಗಿದ ಸಂದರ್ಭ ಅದು.

ಅವರು ಕುಂದಿಲ್ಲದ ಮನುಷ್ಯರೇನಲ್ಲ. ಮುಂಗೋಪಿ, ಹಟಮಾರಿ, ಎದುರಾಳಿಗಳ ಮೇಲೆ ಹರಿಹಾಯುವವರು. ಅವರ ಪ್ರಯೋಗದ ಟಿಪ್ಪಣಿ ಪುಸ್ತಕಗಳನ್ನು ಮೊಮ್ಮಗ 1964ರಲ್ಲಿ ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯಕ್ಕೆ ಒಪ್ಪಿಸಿದ ಮೇಲೆ ಇತಿಹಾಸಕಾರರು ಅವನ್ನು ಓದಿದರು. 1881ರಲ್ಲಿ ನೆರಡಿ ಲಸಿಕೆಯ ಬಹಿರಂಗ ಪರೀಕ್ಷೆಗೆ ಬಳಸಿದ ಲಸಿಕೆ, ಜನರು ತಿಳಿದುಕೊಂಡಿದ್ದ ವಿಧಾನದಿಂದಲ್ಲ, ಸಹಾಯಕರೊಬ್ಬರ ಬೇರೆ ವಿಧಾನದಿಂದ ತಯಾರಾದದ್ದು ಎಂಬುದು ಹೊರಬಿತ್ತು. ಅದನ್ನು ಅವರು ಆಗಲೇ ತೆರೆದು ಹೇಳಬೇಕಿತ್ತು. ದೇವರು ಬಿರುಕು ಬಿಟ್ಟ ಮಡಕೆಗಳಿಂದಲೂ ಬಾಯಾರಿದವರಿಗೆ ನೀರು ಕೊಡುತ್ತಾರೆ ಎಂದು ತಿಳಿದವರಿಗೆ ಇದು ಆಘಾತ ತರಬೇಕಿಲ್ಲ.

ಕೊನೆಯ ಲೋಟ

1895ರ ಬೇಸಿಗೆಯನ್ನು ಪಾಶ್ಚರರು ಪ್ಯಾರಿಸಿನ ಹೊರವಲಯದ ವಿಲ್‌ನೋವ್ ಲೆತಾಂಗ್ ಎಂಬಲ್ಲಿ ಕಳೆದರು. ಮರಗಳ ನೆರಳಿನಲ್ಲಿ ಕುಳಿತಿರುತ್ತಿದ್ದ ಅವರಿಗೆ ಹೆಂಡತಿಯೋ ಮಗಳೋ ಪುಸ್ತಕ ಓದಿ ಹೇಳುತ್ತಿದ್ದರು. ಆಗ ಅವರ ಮನಸ್ಸಿಗೆ ಹಿಡಿಸಿದ್ದು ಸಂತ ವಿನ್ಸೆಂಟ್ ದೆ ಪೌಲರ ಜೀವನಚರಿತ್ರೆ. ಬಡ ರೈತನ ಮಗನಾಗಿ ಹುಟ್ಟಿ, ಬೀದಿಗೆ ಬಿಸುಟ ಕೂಸುಗಳಿಗೆ ಆಸರೆ ಕಟ್ಟಿಸಿದ ಆ ಸಂತರಲ್ಲಿ, ಚರ್ಮ ಹದಮಾಡುವವರ ಮಗ ತನ್ನದೇ ಏನನ್ನೋ ಕಂಡಿರಬೇಕು.

ಸೆಪ್ಟೆಂಬರ್ 27ರ ಶುಕ್ರವಾರ ಅವರಿಗೆ ಒಂದು ಲೋಟ ಹಾಲು ಕುಡಿಸಲು ತಂದರು. ತನ್ನಿಂದಾಗದು ಎಂದು ಮೆಲ್ಲಗೆ ತಿಳಿಸಿದರು. ಆಮೇಲೆ ಒಂದು ಕೈಯನ್ನು ಹೆಂಡತಿಯ ಕೈಯಲ್ಲಿರಿಸಿ, ಇನ್ನೊಂದರಲ್ಲಿ ಪಾಡಿನ ಶಿಲುಬೆ ಹಿಡಿದು ಮಲಗಿದರು. ಮರುದಿನ ಸಂಜೆ ಪ್ರಾಣ ಹೋಯಿತು. ಅಳಿಯ ರೆನೆ ವಾಲೆರಿ ರಾದೊ ಬರೆದ ಜೀವನಚರಿತ್ರೆಯಲ್ಲಿ ಈ ವಿವರಗಳಿವೆ.

ಅವರ ನಂತರ ಹಾಲು

ಪಾಶ್ಚರರು ಬಿತ್ತಿದ್ದನ್ನು ಬೇರೆಯವರು ಬೆಳೆಸಿದರು. ಅವರ ಬರಹ ಓದಿ ಗಾಯಗಳನ್ನು ಸೋಂಕಿನಿಂದ ಕಾಪಾಡುವ ದಾರಿ ಕಂಡ ಇಂಗ್ಲೆಂಡಿನ ವೈದ್ಯ ಜೋಸೆಫ್ ಲಿಸ್ಟರ್, 1878ರ ಹೊತ್ತಿಗೆ ಹುಳಿಹಾಲಿನ ಜೀವಿಯನ್ನು ಬೇರೆ ಯಾವುದರ ಬೆರಕೆಯೂ ಇಲ್ಲದೆ ಬೆಳೆಸಿ ತೋರಿಸಿದರು. ಶಿಷ್ಯ ಎಮಿಲ್ ದುಕ್ಲೊ ಹಾಲು ಮತ್ತು ಚೀಸಿನ ಅಧ್ಯಯನದಲ್ಲಿ ವರ್ಷಗಳನ್ನು ಕಳೆದರು. ಕೂಸುಗಳ ಹಾಲನ್ನು ಬಿಸಿಮಾಡಿಯೇ ಕೊಡಬೇಕೆಂದು ಜರ್ಮನಿಯ ಸಾಕ್ಸ್‌ಲೆಟ್ 1886ರಲ್ಲಿ ಸೂಚಿಸಿದರು. ತಾವೂ ಮಕ್ಕಳನ್ನು ಕಳೆದುಕೊಂಡಿದ್ದ ಯೆಹೂದ್ಯ ವರ್ತಕ ನೇಥನ್ ಸ್ಟ್ರಾಸ್ ನ್ಯೂಯಾರ್ಕಿನ ಬಡಮಕ್ಕಳಿಗಾಗಿ 1893ರಲ್ಲಿ ಪಾಶ್ಚರೀಕರಿಸಿದ ಹಾಲಿನ ಕೇಂದ್ರ ತೆರೆದರು. 1908ರಲ್ಲಿ ಚಿಕಾಗೊ ನಗರ ಇದನ್ನು ಕಾನೂನು ಮಾಡಿತು.

ಕೆಥೋಲಿಕ ದ್ವೀಪವಾದ ಮಾಲ್ಟಾದಲ್ಲಿ ವರ್ಷಗಟ್ಟಲೆ ಜನರನ್ನೂ ಸೈನಿಕರನ್ನೂ ಕಾಡುತ್ತಿದ್ದ ಮರುಕಳಿಸುವ ಜ್ವರದ ಮೂಲವನ್ನು 1905ರಲ್ಲಿ ಅಲ್ಲಿನ ವೈದ್ಯ ತೆಮಿಸ್ಟೊಕ್ಲಿಸ್ ಜಾಮಿತ್ ಹಿಡಿದರು. ಅದು ಮನೆಬಾಗಿಲಲ್ಲೇ ಕರೆದುಕೊಡುತ್ತಿದ್ದ ಆಡಿನ ಹಸಿಹಾಲು. ಆಡುಗಳು ನೋಡಲು ಆರೋಗ್ಯವಾಗಿಯೇ ಇದ್ದವು. ಮರುವರ್ಷ ಸೈನಿಕರಿಗೆ ಆ ಹಾಲು ನಿಲ್ಲಿಸಿದೊಡನೆ ಅವರಲ್ಲಿ ಜ್ವರ ಇಳಿದುಹೋಯಿತು. ದನಗಳು ಕಂದು ಹಾಕುವಂತೆ ಮಾಡುವ ಬ್ರುಸೆಲ್ಲಾ ರೋಗ ಎಂದು ನಮ್ಮ ಪಶುವೈದ್ಯರು ಹೇಳುವುದು ಈ ಬಳಗದ್ದೇ.

ನಮ್ಮ ಮನೆಯ ಹಾಲು

ಈ ವಿದ್ಯೆ ನಮ್ಮ ನಾಡಿಗೂ ಬೇಗನೆ ಬಂತು. 1923ರಲ್ಲಿ ಬೆಂಗಳೂರಿನಲ್ಲಿ ಪಶುಸಂಗೋಪನೆ ಮತ್ತು ಹೈನುಗಾರಿಕೆಯ ಸಂಸ್ಥೆ ಆರಂಭವಾಯಿತು. 1927ರಲ್ಲಿ ಗಾಂಧೀಜಿ ಅಲ್ಲಿಗೆ ಬಂದು ಹಸು ಸಾಕುವ ಪಾಠ ಕಲಿತರು. ಅದು ಇಂದು ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆಯ ದಕ್ಷಿಣ ಕೇಂದ್ರ. ಇಂದು ಹಳ್ಳಿಯ ಡೇರಿಗೆ ನಮ್ಮ ರೈತ ಮಹಿಳೆಯರು ಹಾಕುವ ಹಾಲು ಕಾರ್ಖಾನೆಯಲ್ಲಿ 72 ಡಿಗ್ರಿಯಲ್ಲಿ 15 ಸೆಕೆಂಡು, ಇಲ್ಲವೇ 63 ಡಿಗ್ರಿಯಲ್ಲಿ 30 ನಿಮಿಷ ಬಿಸಿಯಾಗಿ, ಕೂಡಲೇ ತಣ್ಣಗಾಗಿ ಪೊಟ್ಟಣ ಸೇರುತ್ತದೆ. ಕ್ಷಯ, ಟೈಫಾಯಿಡ್, ಬ್ರುಸೆಲ್ಲಾ ತರುವ ಜೀವಿಗಳನ್ನು ಕೊಲ್ಲಲು ಆ ಹದ ಸಾಕು.

ಈಚೆಗೆ ಕಾಯಿಸದ ಹಸಿಹಾಲೇ ಅಮೃತ, ಬಿಸಿಮಾಡಿದರೆ ಸತ್ವವೆಲ್ಲ ಹೋಗುತ್ತದೆ ಎಂಬ ಮಾತು ಮೊಬೈಲುಗಳಲ್ಲಿ ಹರಿದಾಡುತ್ತಿದೆ. ಸಂಶೋಧನೆ ಹೇಳುವುದೇ ಬೇರೆ. ಹದವಾದ ಬಿಸಿಯಿಂದ ಹಾಲಿನ ಸುಣ್ಣಾಂಶ ಹೋಗುವುದಿಲ್ಲ, ಪ್ರೋಟೀನಿನ ಪೋಷಣೆ ತಗ್ಗುವುದಿಲ್ಲ. ಸಿ ಮತ್ತು ಬಿ ಗುಂಪಿನ ಕೆಲವು ಜೀವಸತ್ವಗಳು ತುಸು ಕಡಿಮೆಯಾಗುತ್ತವೆ ಅಷ್ಟೇ. ಹಳ್ಳಿಯ ಹಟ್ಟಿಯಲ್ಲಿ ಬೆಳೆದ ಮಕ್ಕಳಲ್ಲಿ ಉಬ್ಬಸ, ಅಲರ್ಜಿ ಕಡಿಮೆ ಎಂದು ಯುರೋಪಿನ ಕೆಲವು ಅಧ್ಯಯನಗಳು ಕಂಡಿರುವುದು ನಿಜ. ಆದರೆ ಅದಕ್ಕಾಗಿ ಮಕ್ಕಳಿಗೆ ಹಸಿಹಾಲು ಕುಡಿಸಿ ಎಂದು ಆ ಸಂಶೋಧಕರು ಹೇಳಿಲ್ಲ. ಅಪಾಯ ಹೆಚ್ಚಿರುವುದು ಎಳೆಯ ಮಕ್ಕಳಿಗೆ, ಬಸುರಿಯರಿಗೆ, ವೃದ್ಧರಿಗೆ. ಅಂದರೆ ಮನೆಯಲ್ಲಿ ನಾವು ಎಲ್ಲರಿಗಿಂತ ಹೆಚ್ಚು ಕಾಯಬೇಕಾದವರಿಗೆ.

ಆದುದರಿಂದ ಹಸು ಮನೆಯದೇ ಆದರೂ ಹಾಲನ್ನು ಕಾಯಿಸಿಯೇ ಕುಡಿಯಿರಿ. ಪೊಟ್ಟಣದ ಹಾಲಿನಲ್ಲೂ ಎಲ್ಲ ಜೀವಿಗಳೂ ಸತ್ತಿರುವುದಿಲ್ಲ, ಅದನ್ನು ತಂಪಿನಲ್ಲೇ ಇಡಬೇಕು. ಮತ್ತೆ ಮತ್ತೆ ಕುದಿಸುವುದು ಬೇಡ. ಮೊದಲ ಆರು ತಿಂಗಳು ಕೂಸಿಗೆ ತಾಯಿಯ ಹಾಲಿಗೆ ಸಮನಾದದ್ದು ಯಾವುದೂ ಇಲ್ಲ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವ ದೊಡ್ಡವರಲ್ಲಿ ಅನೇಕರಿಗೆ ಮೊಸರು ಒಗ್ಗುತ್ತದೆ, ಏಕೆಂದರೆ ಹಾಲಿನ ಸಕ್ಕರೆಯ ಒಂದು ಪಾಲನ್ನು ಹೆಪ್ಪಿನ ಜೀವಿಗಳು ಮೊದಲೇ ಆಮ್ಲವಾಗಿಸಿರುತ್ತವೆ. 1857ರ ಪ್ರಬಂಧದ ಪುಣ್ಯ ನಮ್ಮ ಊಟದ ಕೊನೆಯ ಮಜ್ಜಿಗೆಯವರೆಗೂ ಬಂದಿದೆ.

ಪ್ಯಾರಿಸಿನ ಪಾಶ್ಚರ್ ಸಂಸ್ಥೆಯ ನೆಲಮಾಳಿಗೆಯಲ್ಲಿ ಪುಟ್ಟ ಪ್ರಾರ್ಥನಾಲಯದಂಥ ಸಮಾಧಿಯಿದೆ. 1896ರಿಂದ ಪಾಶ್ಚರರು ಅಲ್ಲಿದ್ದಾರೆ, 1910ರಲ್ಲಿ ತೀರಿಕೊಂಡ ಅವರ ಹೆಂಡತಿಯೂ ಅಲ್ಲೇ. ಮೇಲಿನ ಗುಮ್ಮಟದಲ್ಲಿ ಬಣ್ಣದ ಕಲ್ಲಿನ ಚೂರುಗಳಿಂದ ನಾಲ್ವರು ದೇವದೂತರನ್ನು ಮೂಡಿಸಿದ್ದಾರೆ. ಮೂವರು ನಮಗೆ ಧರ್ಮೋಪದೇಶದ ಪಾಠದಿಂದಲೇ ಪರಿಚಿತರು: ವಿಶ್ವಾಸ, ನಿರೀಕ್ಷೆ, ಪ್ರೀತಿ. ಅವರ ಪಕ್ಕದಲ್ಲಿ, ಅವರಿಗೆ ಅಡ್ಡಬಾರದೆ, ನಾಲ್ಕನೆಯವಳಾಗಿ ವಿಜ್ಞಾನ ನಿಂತಿದ್ದಾಳೆ.

ನಾಳೆ ಬೆಳಿಗ್ಗೆ ಮಗುವಿನ ಲೋಟಕ್ಕೆ ಹಾಲು ಬಗ್ಗಿಸುವಾಗ ಪೊಟ್ಟಣದ ಮೇಲಿನ ಆ ಉದ್ದನೆಯ ಪದವನ್ನು ಒಮ್ಮೆ ಓದಿ. ಮೂವರು ಹೆಣ್ಣುಮಕ್ಕಳನ್ನು ಕಳೆದುಕೊಂಡ ಒಬ್ಬ ತಂದೆಗಾಗಿ, ಅವರ ಹಾದಿಯಲ್ಲಿ ಇಂದಿಗೂ ಪ್ರಯೋಗಶಾಲೆಗಳಲ್ಲಿ ದುಡಿಯುತ್ತಿರುವವರಿಗಾಗಿ, ಬೆಳಕು ಹರಿಯುವ ಮುನ್ನ ಎದ್ದು ಹಾಲು ಕರೆಯುವ ಕೈಗಳಿಗಾಗಿ ದೇವರಿಗೆ ಕೃತಜ್ಞತೆ ಸಲ್ಲಿಸಿ. ನಮ್ಮ ಅಡುಗೆಮನೆಯ ಶುಚಿತ್ವವೂ ಪ್ರೀತಿಯ ಆಜ್ಞೆಯ ಪಾಲನೆಯೇ.